‘ಮೆಂಟೆನೆನ್ಸ್ ಮೇಡಂ’ ಮತ್ತು 25 ಲಕ್ಷದ ಎಂಬಿಎ

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ವೃತ್ತಿ ಬದಲಿಸುವ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದ ಮಹಿಳೆಯ ವಯಸ್ಸು 31. ಮಂಡ್ಯ ಕಡೆಯವರು, ಓದಿದ್ದು ಸಿವಿಲ್ ಎಂಜಿನಿಯರಿಂಗ್. ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಆಫೀಸ್ ಪಾರ್ಕೊಂದರಲ್ಲಿ ಪ್ರಾಪರ್ಟಿ ಮ್ಯಾನೇಜರ್. ಲಿಫ್ಟ್, ಜನರೇಟರ್, ಎಸಿ, ಹೌಸ್‌ಕೀಪಿಂಗ್ ಎಲ್ಲ ಅವರ ತಲೆ ಮೇಲೆ. ‘ಎಲ್ಲರಿಗೂ ನಾನು ಮೆಂಟೆನೆನ್ಸ್ ಮೇಡಂ. ದುಡ್ಡಿನ ಮೀಟಿಂಗ್‌ಗೆ ನನ್ನನ್ನ ಕರೆಯೋದೇ ಇಲ್ಲ’ ಎಂದರು. ಕಟ್ಟಡ ಕೊಳ್ಳುವ, ಮಾರುವ ಹೂಡಿಕೆ ತಂಡ ಸೇರುವ ಆಸೆ. ಅದಕ್ಕೆ ಕೆಲಸ ಬಿಟ್ಟು, 25 ಲಕ್ಷ ಸಾಲ ಮಾಡಿ ಎಂಬಿಎ ಓದುವ ಯೋಚನೆ. ‘ಮನೆ ಸಾಲವೇ ಇನ್ನೂ ತೀರಿಲ್ಲ ಅಲ್ವಾ’ ಎಂದ ಗಂಡನ ಜೊತೆ ಮಾತು ಬಿಟ್ಟಿದ್ದರು.

ನಾನು ಎಂಬಿಎ ವಿಷಯ ಪಕ್ಕಕ್ಕಿಟ್ಟು ಅವರ ಕಟ್ಟಡದ ಬಗ್ಗೆ ಕೇಳಿದೆ. ಯಾವ ಕಂಪನಿಯ ಲಾಕ್-ಇನ್ (ಜಾಗ ಬಿಡುವಂತಿಲ್ಲದ ಅವಧಿ) ಯಾವಾಗ ಮುಗಿಯುತ್ತೆ, ಯಾರು ಜಾಗ ಖಾಲಿ ಮಾಡೋ ಹಾಗಿದ್ದಾರೆ, ಎಸಿಗೆ ನೀರು ತಂಪು ಮಾಡುವ ಚಿಲ್ಲರ್ ಇನ್ನೆಷ್ಟು ವರ್ಷ ಬಾಳುತ್ತೆ, ಎಲ್ಲ ಬಾಯಿಪಾಠ! ಯಾವ ಬಾಡಿಗೆದಾರರನ್ನು ಉಳಿಸಿಕೊಳ್ಳಬೇಕು, ಎಲ್ಲಿ ದುಡ್ಡು ಹಾಕಬೇಕು, ಯಾವಾಗ ಮಾರಬೇಕು ಎಂದು ಮಾಲೀಕರ ಪರವಾಗಿ ನೋಡುವವರೇ ಅಸೆಟ್ ಮ್ಯಾನೇಜರ್. ಅವರಿಗೆ ಬೇಕಾದ ಅರ್ಧ ವಿದ್ಯೆ ಈಕೆಯ ಬಳಿ ಆಗಲೇ ಇತ್ತು.

ಉಳಿದರ್ಧ ಲೆಕ್ಕ. ಕಾಗದದ ಮೇಲೆ ಬರೆದು ತೋರಿಸಿದೆ. ಖರ್ಚು ಕಳೆದು ವರ್ಷಕ್ಕೆ 8 ಕೋಟಿ ಉಳಿಯುವ ಕಟ್ಟಡಕ್ಕೆ, ಶೇ 8ರ ಕ್ಯಾಪ್ ರೇಟ್ (ಬೆಲೆಯಲ್ಲಿ ವರ್ಷದ ಉಳಿಕೆ ಶೇಕಡಾ ಎಷ್ಟು ಎಂಬ ಲೆಕ್ಕ) ಹಿಡಿದರೆ, ಬೆಲೆ 100 ಕೋಟಿ. ಬಾಡಿಗೆದಾರರಿಂದ ವಸೂಲಾಗದೆ ಮಾಲೀಕರೇ ಹೊರುವ ಖರ್ಚಿನಲ್ಲಿ ಪ್ರತಿವರ್ಷ 8 ಲಕ್ಷ ಉಳಿಸಿದರೆ ಬೆಲೆ 1 ಕೋಟಿ ಏರುತ್ತದೆ.

‘ಇದನ್ನ ಹೋದ ವರ್ಷವೇ ಮಾಡಿದೀನಲ್ಲ ಮೇಡಂ!’

ಮಾಡಿದ್ದರು. ರೆಸ್ಯೂಮೆಯಲ್ಲಿ ಮಾತ್ರ ‘ವಿದ್ಯುತ್ ಉಳಿತಾಯ’ ಎಂದಷ್ಟೇ ಇತ್ತು.

ಕೆಲಸ ಬಿಡಬೇಡಿ ಎಂದೆ. ಲೀಸ್ ಡೀಡ್‌ಗಳನ್ನು ಪೂರ್ತಿ ಓದಿ. ಬಾಡಿಗೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಶೇ 15 ಏರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ಮುಂದಿನ 10 ವರ್ಷಕ್ಕೆ ಹಾಕಿ ನೋಡಿ. 2019ರಲ್ಲಿ ಷೇರುಪೇಟೆಗೆ ಬಂದ ಎಂಬೆಸಿ ದೇಶದ ಮೊದಲ ರೀಟ್, ಅಂದರೆ ಬಾಡಿಗೆ ಬರುವ ಕಟ್ಟಡಗಳನ್ನು ಹೊಂದಿ, ಅವುಗಳ ಪಾಲನ್ನು ಯೂನಿಟ್‌ಗಳಾಗಿ ಜನರಿಗೆ ಮಾರುವ ಟ್ರಸ್ಟ್. ಇಂಥ ರೀಟ್‌ಗಳ ತ್ರೈಮಾಸಿಕ ವರದಿಯಲ್ಲಿ ಬಾಡಿಗೆ, ಖಾಲಿ ಜಾಗ, ಸಾಲ ಎಲ್ಲ ಸಿಗುತ್ತೆ, ಅದೂ ಪುಕ್ಕಟೆ. ಕಾಲೇಜಿನ ಪಾಠಕ್ಕಿಂತ ಇದು ಜಾಸ್ತಿ ಕಲಿಸುತ್ತೆ ಅನ್ನೋದು ನನ್ನ ನಂಬಿಕೆ.

ಇರುವ ಕಂಪನಿಯಲ್ಲೇ ಮೊದಲು ಲೀಸ್ ವಿಭಾಗಕ್ಕೆ, ಆಮೇಲೆ ಅಸೆಟ್ ಮ್ಯಾನೇಜ್‌ಮೆಂಟ್‌ಗೆ ದಾರಿ ಹುಡುಕಬೇಕು. ಸಂಬಳ ತಕ್ಷಣ ಏರಲಿಕ್ಕಿಲ್ಲ ಅಂತಲೂ ಹೇಳಿದೆ. ಕಟ್ಟಡ ಕೊಳ್ಳುವ ತಂಡದಲ್ಲಿ ಸಿಎ, ಎಂಬಿಎ ಆದವರೇ ಜಾಸ್ತಿ, ಅದು ನಿಜ. ಆ ಆಸೆ ಆಗಲೂ ಇದ್ದರೆ ಕೆಲಸದಲ್ಲಿದ್ದುಕೊಂಡೇ ಓದುವ ಎಂಬಿಎ ಇದೆ. ಈ ಲೆಕ್ಕವನ್ನೆಲ್ಲ ಗಂಡನ ಮುಂದಿಟ್ಟು ಮಾತಾಡಿ, ಮುಂದಿನ ಸಲ ಅವರನ್ನೂ ಕರೆತನ್ನಿ ಎಂದೆ.

ಹೊರಡುವಾಗ ಇನ್ನೊಂದು ಪ್ರಶ್ನೆ ಬಂತು: ಅನುಭವಕ್ಕೆ ಅಂತ 10 ಲಕ್ಷ ಹಾಕಿ ಆಫೀಸ್ ಜಾಗದಲ್ಲಿ ಪಾಲು ತಗೊಳ್ಳಲಾ? ಬೇಡ. ಕಲಿಯೋಕೇ ಆದರೆ ರೀಟ್‌ನ ಒಂದು ಯೂನಿಟ್ ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತೆ.