ಹಳೆಯ ಚೀನೀ ಪುಸ್ತಕಗಳ ಆನ್‌ಲೈನ್ ಸೂಚಿ: ತಲೆನೋವೆಲ್ಲ ವರ್ಷದ್ದೇ

"ಹೆಸರು, ಲೇಖಕ, ವರ್ಷ ಟೈಪ್ ಮಾಡಿದರೆ ಮುಗಿಯಿತಲ್ಲ, ಇದಕ್ಕೆ ಪರಿಣತರು ಯಾಕೆ?" ಅಂತ ಕೇಳಿದ್ದೀರಿ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂಥ ಸೂಚಿಯ ಕಂಪ್ಯೂಟರ್ ಕಡೆಯ ಕೆಲಸ ನನ್ನದು. ಚೀನೀ ಬಲ್ಲವರು ಪಕ್ಕದ ಮೇಜಿನವರು. ಅವರ ಹೊತ್ತೆಲ್ಲ ಹೋಗುವುದು ನೀವು ಕೊನೆಗೆ ಹೇಳಿದ ವರ್ಷದ ಮೇಲೆ.

ಈ ಪುಸ್ತಕಗಳಲ್ಲಿ ಬಹುಪಾಲು ಮರದ ಹಲಗೆಯಲ್ಲಿ ಅಕ್ಷರ ಕೆತ್ತಿ ಅಚ್ಚು ಹಾಕಿದವು. ಹಲಗೆ ಇರುವ ತನಕ ಬೇಕೆಂದಾಗ ಪ್ರತಿ ತೆಗೆಯಬಹುದು. ದಶಕಗಳು ಕಳೆದ ಮೇಲೆ ಸವೆದ ನಾಲ್ಕಾರು ಹಲಗೆ ಮಾತ್ರ ಹೊಸದಾಗಿ ಕೆತ್ತಿಸಿ, ಉಳಿದವನ್ನು ಹಾಗೇ ಬಳಸಿದ್ದೂ ಉಂಟು. ಮುನ್ನುಡಿಯ ತೇದಿ ಮಾತ್ರ ಬದಲಾಗುವುದಿಲ್ಲ, ಹಾಗಾಗಿ ಅದನ್ನಷ್ಟೇ ನಂಬಿ ಪ್ರತಿಯ ವರ್ಷ ಹೇಳುವಂತಿಲ್ಲ.

ಅದಕ್ಕೇ ಅಳತೆ ಬೇಕು. ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಹಾಕಿ, ಮಡಿಕೆ ಹೊರಗೆ ಬರುವಂತೆ ಹೊಲಿದಿರುತ್ತಾರೆ. ಅರ್ಧ ಹಾಳೆಗೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಚೌಕಟ್ಟಿನ ಗೆರೆ ಒಂಟಿಯೋ ಜೋಡಿಯೋ, ಎಷ್ಟು ಸೆಂಟಿಮೀಟರ್, ಮಡಿಕೆಯ ಮೇಲಿನ ಮೀನಿನ ಬಾಲದ ಗುರುತು ಒಂದೋ ಎರಡೋ, ಎಲ್ಲವೂ ದಾಖಲಾಗುತ್ತದೆ. ಅದೃಷ್ಟವಿದ್ದರೆ ಮಡಿಕೆಯ ಕೆಳತುದಿಯಲ್ಲಿ ಕೆತ್ತಿದವನ ಹೆಸರೂ ಸಿಗುತ್ತದೆ.

ನನಗೆ ಬಲು ಹಿಡಿಸಿದ್ದು ನಿಷಿದ್ಧಾಕ್ಷರಗಳ ಪತ್ತೇದಾರಿಕೆ. ದೊರೆಯ ಹೆಸರಿನ ಅಕ್ಷರವನ್ನು ಪೂರ್ತಿ ಬರೆಯುವಂತಿರಲಿಲ್ಲ. ಕಾಂಗ್‌ಶಿ ಚಕ್ರವರ್ತಿಯ ಹೆಸರು ಶ್ವೆನ್‌ಯೆ. 'ಶ್ವೆನ್' ಅಕ್ಷರದ ಕೊನೆಯ ಗೆರೆ ಇಲ್ಲದಿದ್ದರೆ, ಮುನ್ನುಡಿ ಅವನಿಗಿಂತ ಹಿಂದಿನ ಮಿಂಗ್ ವಂಶದ ಕಾಲದ್ದಾದರೂ ಹಲಗೆ ಅವನು ಪಟ್ಟಕ್ಕೆ ಬಂದ 1661ರ ನಂತರದ್ದಿರಬೇಕು ಅನ್ನಿಸುತ್ತದೆ. ಆದರೆ ಅದಕ್ಕೂ ಹಿಂದಿನ ಸೋಂಗ್ ವಂಶದ ಕಾಲದಲ್ಲೂ ಅದೇ ಅಕ್ಷರ ನಿಷಿದ್ಧವಾಗಿತ್ತು! ಸೋಂಗ್ ಪ್ರತಿಯನ್ನೇ ನೋಡಿಕೊಂಡು ಕೆತ್ತಿದ್ದರೆ ಆ ಊನವೂ ಹಾಗೇ ಇಳಿದುಬಂದಿರುತ್ತದೆ. ಇದನ್ನೆಲ್ಲ ಸಾಫ್ಟ್‌ವೇರಿಗೆ ಬಿಡಿ ಅನ್ನುವವರ ಮಾತು ನಾನಂತೂ ಒಪ್ಪುವುದಿಲ್ಲ.

1990ರ ದಶಕದಲ್ಲಿ ರಿಸರ್ಚ್ ಲೈಬ್ರರೀಸ್ ಗ್ರೂಪ್ ಎಂಬ ಗ್ರಂಥಾಲಯಗಳ ಕೂಟ ಹಲವು ದೇಶಗಳ ಗ್ರಂಥಾಲಯಗಳಲ್ಲಿದ್ದ, 1795ರವರೆಗಿನ ಚೀನೀ ಪುಸ್ತಕಗಳ ಒಕ್ಕೂಟ ಸೂಚಿ, ಅಂದರೆ ಎಲ್ಲರಿಗೂ ಸೇರಿ ಒಂದೇ ಸೂಚಿ, ಕಟ್ಟಲು ಹೊರಟಿತ್ತು. ಅಂಥದ್ದಕ್ಕೆ ಜೀವಾಳವೇ ಈ ವಿವರ. ಇಲ್ಲದಿದ್ದರೆ ಬೀಜಿಂಗ್‌ನ ಪ್ರತಿಯೂ ಪ್ರಿನ್ಸ್‌ಟನ್ನಿನ ಪ್ರತಿಯೂ ಒಂದೇ ಹಲಗೆಯವೋ ಅಲ್ಲವೋ ಹೇಳುವುದು ಹೇಗೆ?

ನನ್ನ ಪಾಲಿನ ಗೋಳು ಬೇರೆ. ಒಂದೇ ಅಕ್ಷರಕ್ಕೆ ಹಲವು ರೂಪ. ಯಾವುದನ್ನು ಟೈಪ್ ಮಾಡಿದರೂ ಹುಡುಕಾಟದಲ್ಲಿ ಪುಸ್ತಕ ಸಿಗಬೇಕು. ಜೊತೆಗೆ ಚೀನೀ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಕಾಟ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಲ್ಲಿ ವೇಡ್-ಗೈಲ್ಸ್ ಎಂಬ ಹಳೆಯ ಪದ್ಧತಿ ಬಿಟ್ಟು ಪಿನ್‌ಯಿನ್ ಪದ್ಧತಿ ಹಿಡಿಯಿತು, ಹಳೆಯ ಲೇಖನಗಳಲ್ಲಿ ಮಾತ್ರ ಹಳೆಯ ಕಾಗುಣಿತವೇ ಇದೆ. ಎರಡನ್ನೂ ಇಟ್ಟುಕೊಳ್ಳಿ.

ನೀವೇ ಶುರುಮಾಡುವುದಾದರೆ, ದುಡ್ಡು ಕಡಿಮೆಯಿದ್ದಾಗ ಇಡೀ ಪುಸ್ತಕ ಸ್ಕ್ಯಾನ್ ಮಾಡಲು ಹೋಗಬೇಡಿ. ಮುಖಪುಟ, ಮುನ್ನುಡಿಯ ಕೊನೆ, ಮೊದಲ ಅಧ್ಯಾಯದ ಮೊದಲ ಹಾಳೆ ಸಾಕು, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತೆಗೆಯಿರಿ. ಚೌಕಟ್ಟಿನ ಗೆರೆಯಲ್ಲಿ ಬಿರುಕು ಬಿದ್ದ ಜಾಗಗಳು ಎರಡು ಪ್ರತಿಗಳಲ್ಲೂ ಹೊಂದಿದರೆ ಹಲಗೆ ಒಂದೇ ಅನ್ನಬಹುದು. ಬಿರುಕು ಜಾಸ್ತಿಯಿರುವ ಪ್ರತಿ ಸಾಮಾನ್ಯವಾಗಿ ಆಮೇಲಿನದು.