ಹಿಂದಿನ ಸಾಲಿನವರನ್ನು ಯಾರಾದರೂ ಕೇಳಿದರೇ?

ಓದುಗರೊಬ್ಬರು ಬರೆಯುತ್ತಾರೆ: “ಮಾನ್ಯ ಸಂಪಾದಕರೇ, ದೊಡ್ಡ ಕಾರು ಕೊಳ್ಳುವವರನ್ನು ನಿಮ್ಮ ಪತ್ರಿಕೆ ಆಗಾಗ ಕುಟುಕುತ್ತಲೇ ಇರುತ್ತದೆ. ನಮ್ಮದು ಏಳು ಜನರ ಸಂಸಾರ. ನಾವಿಬ್ಬರು, ಮೂವರು ಮಕ್ಕಳು, ನನ್ನ ಅಪ್ಪ, ಅಮ್ಮ. ಮೂರು ಸಾಲಿನ ಎಸ್‌ಯುವಿ ತೆಗೆದುಕೊಳ್ಳಬೇಕೆಂದಿದ್ದೇನೆ. ಎತ್ತರದ ಸೀಟು ಅಮ್ಮನ ಮಂಡಿಗೆ ಒಳ್ಳೆಯದು, ರಸ್ತೆ ಚೆನ್ನಾಗಿ ಕಾಣುತ್ತದೆ, ಗಾಡಿ ಗಟ್ಟಿಮುಟ್ಟಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗಬಹುದು. ಜಗತ್ತೇ ಇದನ್ನು ಕೊಳ್ಳುತ್ತಿರುವಾಗ ನಿಮಗೊಬ್ಬರಿಗೆ ಏನು ಕಷ್ಟ?”

ನನಗೇನೂ ಕಷ್ಟವಿಲ್ಲ ಸ್ವಾಮಿ. ಅಮ್ಮನ ಮಂಡಿ ನೆನಪಿಟ್ಟುಕೊಂಡು ಕಾರು ನೋಡುವ ಮಗ ಸಿಗುವುದೇ ಅಪರೂಪ, ಅದಕ್ಕಾಗಿಯೇ ನಿಮ್ಮ ಪತ್ರವನ್ನು ಈ ಸಂಚಿಕೆಗೆ ಆರಿಸಿದೆ. ಆದರೆ ಏಳು ಜನರ ಲೆಕ್ಕ ಕೊಟ್ಟವರು, ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಮಾತ್ರ ಬರೆದಿಲ್ಲ. ಸ್ಟೇರಿಂಗ್ ಮುಂದೆ ನೀವು. ಪಕ್ಕದಲ್ಲಿ ನಿಮ್ಮ ಶ್ರೀಮತಿಯವರು ಎಂದಿಟ್ಟುಕೊಳ್ಳೋಣ. ಮಧ್ಯದ ಸಾಲಿನಲ್ಲಿ ಅಮ್ಮ, ಜೊತೆಗೆ ಚೈಲ್ಡ್ ಸೀಟಿನಲ್ಲಿ ಇಬ್ಬರು ಚಿಕ್ಕವರು. ಉಳಿದದ್ದು ಅಪ್ಪ ಮತ್ತು ದೊಡ್ಡ ಮಗು. ಅಂದರೆ ಮನೆಯ ಯಜಮಾನರು ಹೋಗಿ ಹಿಂದೆ ಕೂರಬೇಕು. ಇದನ್ನು ಅವರಿಗೆ ಹೇಳಿದ್ದೀರಾ?

ನಿಮ್ಮ ಕಡೆಯ ನ್ಯಾಯವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಎತ್ತರದ ಸೀಟಿನ ಮಾತು ನಿಜ. ತಗ್ಗಿನ ಕಾರಿನಲ್ಲಿ ವಯಸ್ಸಾದವರು ಕೂರುವುದಿಲ್ಲ, ಬೀಳುತ್ತಾರೆ. ಇಳಿಯುವಾಗ ಇನ್ನೊಬ್ಬರ ಕೈ ಹಿಡಿದು ಮೇಲೇಳುತ್ತಾರೆ. ಸೀಟು ಸೊಂಟದ ಮಟ್ಟಕ್ಕಿದ್ದರೆ ಹಿಮ್ಮುಖವಾಗಿ ಕೂತು ಕಾಲು ಒಳಗೆ ತೆಗೆದುಕೊಂಡರೆ ಆಯಿತು. ಸುರಕ್ಷತೆಯಲ್ಲೂ ಈ ಗಾಡಿಗಳು ಹಿಂದಿನಂತಿಲ್ಲ. 2000ದಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಸ್‌ಯುವಿಯಾದ ಎಕ್ಸ್‌ಪ್ಲೋರರ್‌ಗಳ ಫೈರ್‌ಸ್ಟೋನ್ ಟೈರು ಕಿತ್ತುಹೋಗಿ ಗಾಡಿಗಳು ಪಲ್ಟಿಯಾದ ಪ್ರಕರಣ ದೊಡ್ಡ ಗದ್ದಲವಾಯಿತು, ಲಕ್ಷಗಟ್ಟಲೆ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಆಮೇಲೆ ಗಾಡಿ ಜಾರುವುದನ್ನು ತಾನೇ ತಿದ್ದುವ ಸ್ಟೆಬಿಲಿಟಿ ಕಂಟ್ರೋಲ್ ವ್ಯಾಪಕವಾಯಿತು, 2012ರ ಮಾದರಿಗಳಿಂದ ಅಲ್ಲಿ ಅದು ಕಡ್ಡಾಯವೂ ಆಯಿತು. ಪಲ್ಟಿಯ ಭಯ ಬಹಳ ತಗ್ಗಿದೆ. ಇಷ್ಟು ನಿಮ್ಮ ಖಾತೆಗೆ.

ಇನ್ನು ನನ್ನ ಖಾತೆ.

ಎತ್ತರದ ಸೀಟು ಎಂದಿರಲ್ಲ, ಅದು ಮುಂದಿನ ಎರಡು ಸಾಲಿಗೆ ಮಾತ್ರ. ಮೂರನೆಯ ಸಾಲಿನಲ್ಲಿ ಏರುವುದು ನೆಲ. ಅಲ್ಲಿ ಕೆಳಗೆ ಹಿಂಬದಿಯ ಆಕ್ಸೆಲ್ ಇದೆ, ಸಸ್ಪೆನ್ಷನ್ ಇದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಆ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಇದೆ. ಇವಿಷ್ಟರ ಮೇಲೆ ತಗಡು ಹಾಸಿ ಅದರ ಮೇಲೆ ಸೀಟು ಇಡಬೇಕು. ಮೇಲೆ ಛಾವಣಿ ಅಂದಕ್ಕಾಗಿ ಹಿಂದಕ್ಕೆ ಇಳಿಜಾರಾಗಿರುತ್ತದೆ. ಕೆಳಗಿನಿಂದ ನೆಲ ಒತ್ತುತ್ತದೆ, ಮೇಲಿನಿಂದ ಛಾವಣಿ. ಹಾಗಾಗಿ ಮೆತ್ತೆ ನೆಲಕ್ಕೆ ಅಂಟಿಕೊಂಡಂತಿರುತ್ತದೆ. ಕೂತವರ ತೊಡೆಗೆ ಆಧಾರವಿಲ್ಲ, ಮಂಡಿ ಎದೆಯ ಹತ್ತಿರ ಬರುತ್ತದೆ. ನಿಮ್ಮ ತಾಯಿಯವರ ಮಂಡಿಗಾಗಿ ಕೊಂಡ ಗಾಡಿ ನಿಮ್ಮ ತಂದೆಯವರ ಮಂಡಿಯನ್ನು ಹೀಗೆ ನೋಡಿಕೊಳ್ಳುತ್ತದೆ.

ಅಲ್ಲಿಗೆ ತಲುಪುವುದಾದರೂ ಹೇಗೆ? ಮಧ್ಯದ ಸೀಟನ್ನು ಮಡಚಿ ಮುಂದಕ್ಕೆ ಉರುಳಿಸಿ ಎಂದು ಶೋರೂಮಿನಲ್ಲಿ ಒಂದೇ ಕೈಯಲ್ಲಿ ಮಾಡಿ ತೋರಿಸುತ್ತಾರೆ. ಅದೇ ಸೀಟಿಗೆ ಚೈಲ್ಡ್ ಸೀಟು ಬಿಗಿದು ಮಗುವನ್ನು ಕೂರಿಸಿದ ಮೇಲೆ ಮಾಡಿ ತೋರಿಸಿ ಎಂದು ಕೇಳಿ ನೋಡಿ. ಬಹುಪಾಲು ಗಾಡಿಗಳಲ್ಲಿ ಆಗುವುದಿಲ್ಲ. ಕೆಲವರು ಚೈಲ್ಡ್ ಸೀಟು ಇದ್ದಂತೆಯೇ ಮುಂದಕ್ಕೆ ಸರಿಯುವ ವ್ಯವಸ್ಥೆ ಮಾಡಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಮಧ್ಯದಲ್ಲಿ ಎರಡೇ ಬಿಡಿ ಸೀಟು ಇಟ್ಟು ನಡುವೆ ದಾರಿ ಬಿಟ್ಟವರೂ ಇದ್ದಾರೆ, ಆದರೆ ಅಲ್ಲಿಗೆ ಏಳು ಆರಾಯಿತು, ನಿಮ್ಮ ಮನೆಯ ಒಬ್ಬರು ಹೊರಗೆ ನಿಂತರು. ಮೂರೂ ಸಾಲು ತುಂಬಿದ ದಿನ ಡಿಕ್ಕಿಯಲ್ಲಿ ಉಳಿಯುವ ಜಾಗವನ್ನೂ ನೋಡಿ. ಏಳು ಜನ ಹೋಗಬಹುದು, ಏಳು ಜನರ ಬಟ್ಟೆ ಹೋಗುವುದಿಲ್ಲ.

ನನ್ನ ಬಂಧುವೊಬ್ಬರು ಇಂಥ ಗಾಡಿ ಕೊಂಡರು. ಹಿಂದಿನ ಸಾಲನ್ನು ಕೊಂಡ ಹೊಸದರಲ್ಲಿ ಎಲ್ಲರಿಗೂ ತೆರೆದು ತೋರಿಸಿದ್ದೇ ಬಂತು, ಆಮೇಲೆ ಮಡಚಿದ್ದು ಮಡಚಿದಂತೆಯೇ ಇದೆ. ಅದು ಮನೆಯ ಅಟ್ಟವಿದ್ದಂತೆ: ಹತ್ತುವವರಿಲ್ಲ, ಆದರೆ ಇದೆ ಎಂಬ ಧೈರ್ಯ. ಅಪರೂಪಕ್ಕೆ ಅದನ್ನು ಬಿಚ್ಚಿದಾಗ ಅಲ್ಲಿ ಕೂರುವ ಭಾಗ್ಯ ನನ್ನದು. ತಿರುವು ರಸ್ತೆಯಲ್ಲಿ ಹೊಟ್ಟೆ ತೊಳಸುವುದನ್ನು ಬೇಕಾದರೆ ಸಹಿಸಬಹುದು. ಸಹಿಸಲಾಗದ್ದು ಮಾತು ಕೇಳದಿರುವುದು. ಮುಂದಿನವರು ಏನೋ ಹೇಳಿ ನಗುತ್ತಾರೆ, ಮಧ್ಯದವರೂ ನಗುತ್ತಾರೆ, ನಮಗೆ ಟೈರಿನ ಸದ್ದು. “ಏನಂದಿರಿ?” ಎಂದು ಕೂಗಿದರೆ “ಏನಿಲ್ಲ ಬಿಡಿ” ಎನ್ನುತ್ತಾರೆ. ಎಲ್ಲರೂ ಒಂದೇ ಗಾಡಿಯಲ್ಲಿ ಹೋಗುವುದು ಎಂದು ನೀವು ಬರೆದದ್ದು ಓದುವಾಗ ನನಗೆ ನೆನಪಾದದ್ದು ಆ “ಏನಿಲ್ಲ ಬಿಡಿ.”

ಇದಕ್ಕೆ ಮದ್ದು ಇರಲಿಲ್ಲವೇ? ಇತ್ತು. ಚೆನ್ನಾಗಿಯೇ ಇತ್ತು. ಇಲ್ಲಿಂದ ಮುಂದೆ ನಾನು ಸ್ವಲ್ಪ ಆವೇಶಕ್ಕೆ ಒಳಗಾಗುತ್ತೇನೆ, ಸಹಿಸಿಕೊಳ್ಳಿ. ಹ್ಯಾಲ್ ಸ್ಪರ್ಲಿಕ್ ಎಂಬ ವಾಹನ ಯೋಜಕ ಫೋರ್ಡ್ ಕಂಪನಿಯಲ್ಲಿದ್ದಾಗಲೇ ಒಂದು ಸಣ್ಣ ವ್ಯಾನಿನ ಕಲ್ಪನೆ ಹಿಡಿದು ಓಡಾಡುತ್ತಿದ್ದ. ಇಂಜಿನ್ ಮುಂದೆ, ಅದರ ಶಕ್ತಿಯೂ ಮುಂದಿನ ಚಕ್ರಕ್ಕೇ. ಹಿಂದಕ್ಕೆ ಉದ್ದನೆಯ ಶಾಫ್ಟ್ ಹೋಗಬೇಕಿಲ್ಲವಾದ್ದರಿಂದ ನೆಲ ಪೂರ್ತಿ ತಗ್ಗಾಗಿ, ಸಮನಾಗಿ ಇಡಬಹುದು. ಕಂಪನಿಯ ಮುಖ್ಯಸ್ಥ ಎರಡನೆಯ ಹೆನ್ರಿ ಫೋರ್ಡ್ ಅದನ್ನು ಒಪ್ಪಲಿಲ್ಲ. ಸ್ಪರ್ಲಿಕ್ ಕ್ರೈಸ್ಲರ್‌ಗೆ ಹೋದ, ಫೋರ್ಡ್ ಕಂಪನಿಯ ಅಧ್ಯಕ್ಷನಾಗಿದ್ದ ಲೀ ಅಯಕೋಕ ಕೂಡ ಫೋರ್ಡ್‌ನಿಂದ ಹೊರಬಿದ್ದು ಅಲ್ಲಿಗೇ ಬಂದ. ಆ ಕಂಪನಿ ಆಗ ದಿವಾಳಿಯ ಅಂಚಿನಲ್ಲಿ ಸರ್ಕಾರದ ಸಾಲದ ಖಾತರಿ ಹಿಡಿದು ಉಸಿರಾಡುತ್ತಿತ್ತು. 1983ರ ಕೊನೆಗೆ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಹೊರಬಂದವು. ಮರುವರ್ಷ ಯುರೋಪಿನಲ್ಲಿ ರೆನೋ ಎಸ್ಪಾಸ್ ಬಂತು. ಈ ಬಗೆಯ ಗಾಡಿಗೆ ಮಿನಿವ್ಯಾನ್ ಎಂದು ಹೆಸರಾಯಿತು. ಮಕ್ಕಳೂ ಮುದುಕರೂ ಮನೆಯೊಳಗೆ ಕಾಲಿಟ್ಟಂತೆ ಕಾಲಿಡಬಹುದಾದ ನೆಲ, ಕ್ರೈಸ್ಲರ್ ವ್ಯಾನುಗಳಲ್ಲಿ ಪಕ್ಕದ ಗಾಡಿಗೆ ತಗುಲದೆ ಜಾರುವ ಬಾಗಿಲು, ಮಾದರಿಗಳು ಬೆಳೆದಂತೆ ಮೂರನೆಯ ಸಾಲಿನಲ್ಲಿ ದೊಡ್ಡವರು ಕಾಲು ಚಾಚುವಷ್ಟು ಜಾಗ, ಅದರ ಹಿಂದೆಯೂ ಪೆಟ್ಟಿಗೆಗಳಿಗೆ ಆಳವಾದ ಗುಳಿ. ಕೊನೆಯ ಸಾಲಿನವನನ್ನು ಮೊದಲು ಕೂರಿಸಿ ಆಮೇಲೆ ಅವನ ಸುತ್ತ ಕಟ್ಟಿದ ಗಾಡಿ ಅದು.

2000ದ ಸುಮಾರಿಗೆ ಅಮೆರಿಕವೊಂದರಲ್ಲೇ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಮಿನಿವ್ಯಾನ್ ಮಾರಾಟವಾಗುತ್ತಿದ್ದವು. ಆಮೇಲೆ ಮಾರಾಟ ಬಹಳ ಇಳಿಯಿತು. ಗಾಡಿಯಲ್ಲಿ ದೋಷ ಕಂಡಿತೇ? ಇಲ್ಲ. ಅದರಲ್ಲಿ ಕೂತು ಬೆಳೆದ ಮಕ್ಕಳು ತಾವು ಅಪ್ಪ ಅಮ್ಮಂದಿರಾದಾಗ ಅಪ್ಪ ಅಮ್ಮಂದಿರಂತೆ ಕಾಣಿಸಲು ಬಯಸಲಿಲ್ಲ, ಅಷ್ಟೇ. ಮಿನಿವ್ಯಾನ್ ಓಡಿಸುವವರು ಮಕ್ಕಳನ್ನು ಶಾಲೆಗೆ ಬಿಡುವವರು. ಎಸ್‌ಯುವಿ ಓಡಿಸುವವರು ನಾಳೆ ಬೆಟ್ಟ ಹತ್ತಲಿರುವವರು. ಇಬ್ಬರೂ ಹೋಗುವುದು ಅದೇ ಶಾಲೆಗೆ. ಕಂಪನಿಗಳಿಗೆ ಇದು ಚೆನ್ನಾಗಿ ಅರ್ಥವಾಯಿತು. ಪೆಜೋ 5008 ಎಂಬ ಗಾಡಿ 2009ರಲ್ಲಿ ಸಂಸಾರಸ್ಥರ ವ್ಯಾನಾಗಿ ಹುಟ್ಟಿ ಎರಡನೆಯ ಜನ್ಮದಲ್ಲಿ ಎಸ್‌ಯುವಿಯಾಯಿತು. ಅದಿರಲಿ, ಯುರೋಪಿನ ವ್ಯಾನುಗಳ ಹಿರಿಯಣ್ಣನಾದ ಎಸ್ಪಾಸ್ ಕೂಡ 2023ರಲ್ಲಿ ಎಸ್‌ಯುವಿಯ ವೇಷ ತೊಟ್ಟು ನಿಂತಿತು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಬೇಸರವಾಯಿತು. ನಗಬೇಡಿ.

ಇದರಲ್ಲಿ ಸರ್ಕಾರಿ ಕಾಗದದ ಪಾಲೂ ಇದೆ. ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ 1975ರಲ್ಲಿ ಇಂಧನ ಮಿತವ್ಯಯದ ಕಾನೂನು ತಂದಿತು. ಪ್ರಯಾಣಿಕರ ಕಾರಿಗೊಂದು ಬಿಗಿ ಅಳತೆ, ಲಘು ಟ್ರಕ್ಕಿಗೊಂದು ಸಡಿಲ ಅಳತೆ. ಎಸ್‌ಯುವಿಗಳು ಟ್ರಕ್ಕಿನ ಪಂಕ್ತಿಯಲ್ಲಿ ಕೂತವು. (ಮಿನಿವ್ಯಾನುಗಳೂ ಅದೇ ಪಂಕ್ತಿಯಲ್ಲಿ ಕೂತವು ಎಂದು ನೀವು ಮರುಪತ್ರ ಬರೆಯುವ ಮೊದಲೇ ನಾನೇ ಹೇಳಿಬಿಡುತ್ತೇನೆ.) ಹಳೆಯ ಕಾಲದ ಉದ್ದನೆಯ ಸಂಸಾರದ ಕಾರುಗಳಾದ ಸ್ಟೇಷನ್ ವ್ಯಾಗನ್ನುಗಳು ಕಾರಿನ ಅಳತೆಗೆ ಸಿಕ್ಕಿ ಸೊರಗಿದವು. ಹೀಗೆ ಒಂದು ದೇಶದ ಕಡತದಲ್ಲಿ ಬಿಟ್ಟ ಸಂದು ಹಲವು ದೇಶಗಳ ರಸ್ತೆಯ ರೂಪ ಬದಲಿಸಿತು. ಮೂರು ಸಾಲು ಎಂಬುದು ಹೊಸ ಆವಿಷ್ಕಾರವೇನೂ ಅಲ್ಲ ಬಿಡಿ. ಶೆವರ್ಲೆ ಸಬರ್ಬನ್ 1935ರಲ್ಲೇ ಟ್ರಕ್ಕಿನ ಅಡಿಗಟ್ಟಿನ ಮೇಲೆ ಎಂಟು ಜನರನ್ನು ಹೊತ್ತು ತಿರುಗುತ್ತಿತ್ತು. ಆದರೆ ಅದು ದುಡಿಮೆಯ ಗಾಡಿ, ಬೆಡಗಿನದಲ್ಲ.

ಮೂವರು ಮಕ್ಕಳ ತಂದೆಯಾದ ನಿಮಗೆ ಇಷ್ಟವಾಗಬಹುದಾದ ಒಂದು ಓದನ್ನು ಇಲ್ಲಿ ಹೇಳದಿರಲಾರೆ. ಜೋರ್ಡನ್ ನಿಕರ್ಸನ್, ಡೇವಿಡ್ ಸಾಲೊಮನ್ ಎಂಬ ಇಬ್ಬರು ಪ್ರಾಧ್ಯಾಪಕರು 2020ರಲ್ಲಿ ಒಂದು ವಿಚಿತ್ರ ಲೆಕ್ಕ ಮುಂದಿಟ್ಟರು. ಸಾಮಾನ್ಯ ಕಾರಿನ ಹಿಂದಿನ ಸೀಟಿನಲ್ಲಿ ಮೂರು ಚೈಲ್ಡ್ ಸೀಟು ಹಿಡಿಸುವುದಿಲ್ಲ. ಆದ್ದರಿಂದ ದೊಡ್ಡ ಮಕ್ಕಳಿಗೂ ಚೈಲ್ಡ್ ಸೀಟು ಕಡ್ಡಾಯ ಮಾಡಿದ ಅಮೆರಿಕದ ರಾಜ್ಯಗಳಲ್ಲಿ ಮೂರನೆಯ ಮಗುವಿನ ಜನನವೇ ಕಡಿಮೆಯಾಗಿದೆ ಎಂಬುದು ಅವರ ವಾದ. 1980ರಿಂದ ಲೆಕ್ಕ ಹಾಕಿದರೆ ಹುಟ್ಟದೆ ಉಳಿದವರು 1,45,000 ಎಂದು ಅವರ ಅಂದಾಜು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಸೀಟಿನ ಅಗಲ ಒಂದು ಸಂಸಾರದ ಅಗಲವನ್ನು ತೀರ್ಮಾನಿಸಬಹುದು ಎಂಬ ಯೋಚನೆಯೇ ನನ್ನ ನಿದ್ದೆ ಕೆಡಿಸಿತು. ನೀವು ಆ ಲೆಕ್ಕವನ್ನು ಮೀರಿದವರು, ಅಭಿನಂದನೆ! ಮೂರನೆಯ ಸಾಲು ನಿಜವಾಗಿ ಬೇಕಾದ ಕೆಲವೇ ಮನೆಗಳಲ್ಲಿ ನಿಮ್ಮದೊಂದು. ಅದಕ್ಕೇ ನಿಮ್ಮ ಮೇಲೆ ನನಗೆ ಇಷ್ಟು ಕೋಪ. ಇಬ್ಬರೇ ಇರುವವರು ಏಳು ಸೀಟಿನ ಗಾಡಿ ಕೊಂಡರೆ ಶೋಕಿ ಎಂದು ಸುಮ್ಮನಾಗಬಹುದು. ನಿಜವಾದ ಅಗತ್ಯ ಇರುವವರೂ ಮುಂಭಾಗ ನೋಡಿ ಮರುಳಾದರೆ ಹಿಂದಿನ ಸಾಲನ್ನು ಸರಿಮಾಡುವ ದರ್ದು ಕಂಪನಿಯವರಿಗೆ ಯಾಕೆ ಬರಬೇಕು?

ಜಗತ್ತೇ ಕೊಳ್ಳುತ್ತಿದೆ ಎಂದಿರಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಮಾರಾಟವಾದ ಕಾರುಗಳಲ್ಲಿ ನೂರಕ್ಕೆ 48 ಎಸ್‌ಯುವಿಗಳೇ. ಸಣ್ಣದು, ದೊಡ್ಡದು, ಎರಡು ಸಾಲು, ಮೂರು ಸಾಲು ಎಲ್ಲ ಸೇರಿ. ಮಧ್ಯಮ ಗಾತ್ರದ ಕಾರಿಗಿಂತ ಇವು 200–300 ಕೆ.ಜಿ. ಹೆಚ್ಚು ತೂಗುತ್ತವೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಎಲ್ಲರೂ ಎತ್ತರ ಕೂತರೆ ಯಾರಿಗೂ ರಸ್ತೆ ಕಾಣುವುದಿಲ್ಲ, ಮುಂದಿನವರ ಡಿಕ್ಕಿ ಕಾಣುತ್ತದೆ. ನಡೆದು ಹೋಗುವವರ ಗತಿಯಂತೂ ಕೇಳಲೇಬೇಡಿ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರವಿರುವ ಗಾಡಿ ಗುದ್ದಿದರೆ, 30 ಇಂಚಿನೊಳಗಿನ ಇಳಿಜಾರು ಬಾನೆಟ್ಟಿನ ಗಾಡಿಗಿಂತ ಪಾದಚಾರಿ ಸಾಯುವ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು. ಹಿಂದಕ್ಕೆ ತೆಗೆಯುವಾಗ ಚಿಕ್ಕ ಮಕ್ಕಳು ಕಾಣದೆ ಅನಾಹುತವಾಗುತ್ತದೆಂದೇ ಅಲ್ಲಿ 2018ರ ಮೇ ತಿಂಗಳಿಂದ ಹೊಸ ಲಘು ವಾಹನಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ಮುಂದೆ ಬಾನೆಟ್ಟಿನ ಕೆಳಗೆ ನಿಂತ ಮಗುವಿಗೆ ಅಂಥ ಕಡ್ಡಾಯದ ಕಣ್ಣಿಲ್ಲ. ಪ್ಯಾರಿಸ್ ನಗರದವರು 2024ರಲ್ಲಿ ಮತ ಹಾಕಿ, ಹೊರಗಿನಿಂದ ಬರುವ ಭಾರದ ಗಾಡಿಗಳಿಗೆ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿದರು. ಮತ ಹಾಕಿದವರು ಬಹಳ ಕಡಿಮೆ, ಆದರೂ ನನಗೆ ಸಣ್ಣ ಸಂತೋಷವಾಗದೆ ಇರಲಿಲ್ಲ.

ಕಾರಿನ ಮೇಲಷ್ಟೇ ನನ್ನ ಸಿಟ್ಟಲ್ಲ ಸ್ವಾಮಿ. ಈಗ ವಸ್ತುಗಳೆಲ್ಲ ತಯಾರಾಗುವುದು ಕೊಳ್ಳುವವನಿಗಾಗಿ, ಬಳಸುವವನಿಗಾಗಿ ಅಲ್ಲ. ಆಫೀಸಿನ ಕುರ್ಚಿಯನ್ನು ಆರಿಸುವವರು ಅದರಲ್ಲಿ ಕೂರುವವರಲ್ಲ. ಶಾಲೆಯ ಬ್ಯಾಗನ್ನು ಆರಿಸುವವರು ಅದನ್ನು ಹೊರುವವರಲ್ಲ. ಆಸ್ಪತ್ರೆಯ ಮಂಚ ಆರಿಸುವವರು ಮಲಗುವವರಲ್ಲ. ಕಾರಿನ ವಿಮರ್ಶಕರನ್ನೇ ನೋಡಿ: ಪುಟಗಟ್ಟಲೆ ಬರೆಯುತ್ತಾರೆ, ಇಂಜಿನ್ನಿನ ನ್ಯೂಟನ್ ಮೀಟರು, ಸ್ಟೇರಿಂಗಿನ ತೂಕ, ಪರದೆಯ ಅಗಲ. ಮೂರನೆಯ ಸಾಲಿಗೆ “ಮಕ್ಕಳಿಗೆ ಸಾಕು” ಎಂಬ ಎರಡು ಪದ. ಯಾವ ಮಗು ಸಾಕು ಎಂದಿತು? ಮಕ್ಕಳು ಬೆಳೆಯುವುದಿಲ್ಲವೇ? ಜಾಹೀರಾತಿನಲ್ಲಂತೂ ಈ ಗಾಡಿಯಲ್ಲಿ ಜನರೇ ಇರುವುದಿಲ್ಲ. ಒಂದು ಖಾಲಿ ಬೆಟ್ಟ, ತುದಿಯಲ್ಲಿ ಗಾಡಿ, ಪಕ್ಕದಲ್ಲಿ ದೂರ ನೋಡುತ್ತ ನಿಂತ ಒಬ್ಬ ಗಡ್ಡದವ. ಏಳು ಸೀಟು ಅವನಿಗೆ ಯಾಕೆ ಬೇಕಾಯಿತೋ!

ಸರಿ, ನಾನು ಬೈದೆನೆಂದು ನೀವು ಕೊಳ್ಳುವುದನ್ನು ಬಿಡುವವರಲ್ಲ. ಹಾಗಾದರೆ ಟೆಸ್ಟ್ ಡ್ರೈವಿಗೆ ಏಳೂ ಜನ ಹೋಗಿ. ಚೈಲ್ಡ್ ಸೀಟುಗಳನ್ನು ಜೊತೆಗೆ ಒಯ್ದು ಮೊದಲು ಬಿಗಿಯಿರಿ, ಆಮೇಲೆ ತಂದೆಯವರನ್ನು ಹಿಂದಕ್ಕೆ ಹತ್ತಲು ಹೇಳಿ. ಗಾಡಿಯನ್ನು ನೀವು ಓಡಿಸುವ ಬದಲು ಶೋರೂಮಿನವರೇ ಓಡಿಸಲಿ, ಒಂದು ಸುತ್ತು ನಿಮ್ಮ ಶ್ರೀಮತಿಯವರೂ ದೊಡ್ಡ ಮಗುವೂ ಶೋರೂಮಿನಲ್ಲೇ ಕಾಯಲಿ, ನೀವು ಹಿಂದೆ ತಂದೆಯವರ ಪಕ್ಕ ಕೂರಿ. ಹಿಂದಿನ ಸಾಲಿಗೆ ಎಸಿಯ ಗಾಳಿ ಬರುತ್ತದೆಯೇ, ಕಿಟಕಿಯ ಮೇಲಿಂದ ಇಳಿಯುವ ಪರದೆ ಏರ್‌ಬ್ಯಾಗ್ ಅಲ್ಲಿಯವರೆಗೂ ಇದೆಯೇ, ಹೆಡ್‌ರೆಸ್ಟ್ ತಲೆಗೆ ತಾಗುತ್ತದೆಯೋ ಕತ್ತಿಗೋ ನೋಡಿ. ಗಾಡಿ ಎಷ್ಟು ಭಾರ ಹೊರಬಹುದು ಎಂಬುದನ್ನೂ ಕೇಳಿ ಬರೆದುಕೊಳ್ಳಿ. ತಲೆಗೆ 75 ಕೆ.ಜಿ. ಹಿಡಿದರೂ ಏಳು ದೊಡ್ಡವರೆಂದರೆ 525 ಕೆ.ಜಿ., ಸಾಮಾನು ಬೇರೆ. ಹಾಗೆಯೇ ಅದೇ ದಿನ ಒಂದು ಮಿನಿವ್ಯಾನಿನಲ್ಲೂ ಕೂತು ಬನ್ನಿ. ಯಾವುದು ಬೇಕೆಂದು ನಿಮ್ಮ ದೊಡ್ಡ ಮಗುವನ್ನು ಕೇಳಿ, ನನಗೆ ಒಂದು ಕಾರ್ಡು ಹಾಕಿ. ಎಸ್‌ಯುವಿ ಎಂದರೂ ಪ್ರಕಟಿಸುತ್ತೇನೆ.

– ಸಂಪಾದಕ