ಚಾಂಪಿಯನ್ ಹೋದ ಮೇಲೆ ಏನು ಬರೀಬೇಕು?

ಪ್ರಶ್ನೆ: ನಮ್ಮ ಬಾಕ್ಸರ್ ತಳಿಯ ಗಂಡುನಾಯಿ ಶೋ ಚಾಂಪಿಯನ್, ಎಂಟನೇ ವಯಸ್ಸಲ್ಲಿ ಇದ್ದಕ್ಕಿದ್ದಂಗೆ ಕುಸಿದುಬಿದ್ದು ತೀರಿಕೊಂಡ, ಹಾರ್ಟ್ ಪ್ರಾಬ್ಲಂ ಅಂದ್ರು ಡಾಕ್ಟ್ರು. ಬ್ರೀಡ್ ಕ್ಲಬ್‌ನವರು ಅವನ ನೆನಪಿಗೆ ಒಂದು ಲೇಖನ ಬರ್ಕೊಡಿ ಅಂದಿದಾರೆ. ಆದ್ರೆ ಹಾರ್ಟ್ ವಿಷ್ಯ ಎತ್ತಬೇಡಿ, ಮರಿ ತಗೊಂಡೋರು ಗಾಬರಿ ಆಗ್ತಾರೆ, ಅವನ ಹೆಸರೂ ಕೆಡುತ್ತೆ ಅಂತ ಕೆಲವರು ಹೇಳ್ತಿದಾರೆ. ಏನ್ ಮಾಡ್ಲಿ?

ಉತ್ತರ: ಬರೀರಿ, ಹಾರ್ಟ್ ವಿಷ್ಯನೂ ಸೇರಿಸಿ.

ಮೊದಲು ಅವನ ಬಗ್ಗೆ. ಕಪ್‌ಗಳ ಲಿಸ್ಟ್ ಹೇಗೂ ಕ್ಲಬ್ ದಾಖಲೆಲಿ ಇರುತ್ತೆ, ಅದನ್ನ ಎರಡು ಸಾಲಲ್ಲಿ ಮುಗ್ಸಿ. ಜಡ್ಜ್ ತುಟಿ ಎತ್ತಿ ಹಲ್ಲು ನೋಡುವಾಗ ಹೆಂಗೆ ನಿಲ್ತಿದ್ದ, ಓಡಿಸಿದ್ರೆ ಬೆನ್ನು ಅಲುಗಾಡದೆ ನೇರ ಇರ್ತಿತ್ತಾ, ಮಕ್ಕಳು ಮೈಮೇಲೆ ಬಿದ್ರೆ ಏನ್ ಮಾಡ್ತಿದ್ದ, ಇವೆಲ್ಲ ಫೋಟೋದಲ್ಲಿ ಸಿಗಲ್ಲ ನೋಡಿ. ಫೋಟೋ ಅಂದ್ರೆ ನಾಲ್ಕು ಕಾಲು ಸರಿಯಾಗಿ ಇಟ್ಟು ನಿಲ್ಸಿದ ಒಂದು ಕ್ಷಣ ಅಷ್ಟೇ. ಮರಿಗಳಿಗೆ ಅವನಿಂದ ಏನು ಇಳೀತು, ಏನು ಇಳೀಲಿಲ್ಲ ಅದನ್ನೂ ಹೇಳಿ, ತಲೆ ಚೆನ್ನಾಗಿ ಬಂತು ಆದ್ರೆ ಹಿಂಗಾಲು ಬರ್ಲಿಲ್ಲ ಅಂದ್ರೆ ಹಾಗೇ ಬರೀರಿ, ಮುಂದೆ ಬ್ರೀಡ್ ಮಾಡೋರಿಗೆ ಬೇಕಾಗಿರೋದೇ ಅದು.

ಈಗ ಹಾರ್ಟ್. ಬಾಕ್ಸರ್‌ಗಳಲ್ಲಿ ಎಆರ್‌ವಿಸಿ ಅಂತ ಒಂದು ಕಾಯಿಲೆ ಇದೆ, ಹೃದಯದ ಬಲಗಡೆ ಮಾಂಸಖಂಡದ ಜಾಗದಲ್ಲಿ ಕೊಬ್ಬು, ನಾರು ತುಂಬ್ಕೊಂಡು ಬಡಿತ ಏರುಪೇರಾಗುತ್ತೆ, ಕೆಲವು ನಾಯಿ ತಲೆತಿರುಗಿ ಬೀಳ್ತವೆ, ಕೆಲವಕ್ಕೆ ಸಾವೇ ಮೊದಲ ಲಕ್ಷಣ. ಇದರ ಜೀನ್ ತಂದೆ ತಾಯಿ ಇಬ್ರಲ್ಲಿ ಒಬ್ರಿಂದ ಬಂದ್ರೂ ಸಾಕು. ಕಷ್ಟ ಏನಪ್ಪಾ ಅಂದ್ರೆ ಇದು ಸಾಮಾನ್ಯವಾಗಿ ನಡುವಯಸ್ಸಲ್ಲಿ ಕಾಣಿಸ್ಕೊಳ್ಳೋದು, ಅಷ್ಟೊತ್ತಿಗೆ ಚಾಂಪಿಯನ್ ನಾಯಿಗೆ ಮಕ್ಕಳು ಮೊಮ್ಮಕ್ಕಳು ಎಲ್ಲಾ ಆಗಿಬಿಟ್ಟಿರ್ತವೆ. ನಿಮ್ಮ ನಾಯಿಗೆ ಇದೇ ಇತ್ತು ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ. ಪೋಸ್ಟ್‌ಮಾರ್ಟಂ ಆಗಿದ್ರೆ ರಿಪೋರ್ಟಲ್ಲಿ ಇರೋದನ್ನ ಬರೀರಿ, ಆಗಿಲ್ಲಾಂದ್ರೆ 'ಡಾಕ್ಟರ ಅನುಮಾನ' ಅಂತ ಸ್ಪಷ್ಟವಾಗಿ ಹಾಕಿ. ಲೇಖನ ಬರೋಕ್ ಮುಂಚೆ ಮರಿ ಇಟ್ಕೊಂಡಿರೋರಿಗೆಲ್ಲ ನೀವೇ ಫೋನ್ ಮಾಡಿ, ವರ್ಷಕ್ಕೊಮ್ಮೆ 24 ಗಂಟೆ ಹೋಲ್ಟರ್ (ಮೈಗೆ ಕಟ್ಟಿ ಹೃದಯದ ಬಡಿತ ದಾಖಲಿಸೋ ಪುಟ್ಟ ಯಂತ್ರ) ಕಟ್ಟಿಸಿ ನೋಡಿ ಅಂತ ಹೇಳಿ, ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಕೇಳಿದ್ರೆ ಗೊತ್ತಾಗೋ ಕಾಯಿಲೆ ಅಲ್ಲ ಇದು. ಹೆಸರು ಕೆಡುತ್ತೆ ಅನ್ನೋರಿಗೆ ನಂದೊಂದೇ ಮಾತು, ಮುಚ್ಚಿಟ್ಟು ನಾಳೆ ಅವನ ಮೊಮ್ಮಗ ಹಾಗೇ ಬಿದ್ರೆ ಆವಾಗ ಕೆಡುತ್ತೆ, ಅವನ ಹೆಸರಲ್ಲ, ನಿಮ್ದು.

ಈ ಬ್ರೀಡ್‌ನ ಚರಿತ್ರೆನೇ ನೋಡಿ. 1930ರ ದಶಕದಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೋದ ಸಿಗುರ್ಡ್, ಡೋರಿಯನ್, ಲುಸ್ಟಿಗ್, ಉಟ್ಜ್ ಅನ್ನೋ ನಾಲ್ಕು ಗಂಡುನಾಯಿಗಳ ಮೇಲೆ ಅಲ್ಲಿನ ಬಾಕ್ಸರ್ ವಂಶ ನಿಂತಿರೋದು. 1951ರಲ್ಲಿ ಅಮೆರಿಕದ ದೊಡ್ಡ ಡಾಗ್ ಶೋ ವೆಸ್ಟ್‌ಮಿನ್‌ಸ್ಟರ್ ಗೆದ್ದ ಬ್ಯಾಂಗ್ ಅವೇ ಅನ್ನೋ ಬಾಕ್ಸರ್ ಒಬ್ಬನೇ ಹತ್ತಾರು ಚಾಂಪಿಯನ್‌ಗಳಿಗೆ ಅಪ್ಪ. ಹಾಗೆ ಕೆಲವೇ ನಾಯಿಗಳ ರಕ್ತ ಎಲ್ಲಾ ಕಡೆ ಹರಡಿದಾಗ ಅವುಗಳ ಅಂದಚೆಂದದ ಜೊತೆ ಒಳಗೆ ಏನೇನಿತ್ತೋ ಅದೂ ಹರಡುತ್ತೆ.

ಪ್ರಶ್ನೆ: ಅವನ ಫ್ರೋಜನ್ ಸೀಮೆನ್ (ಹೆಪ್ಪುಗಟ್ಟಿಸಿಟ್ಟ ವೀರ್ಯ) ಇದೆ. ಅವನ ಮೊಮ್ಮಗಳಿಗೇ ಹಾಕಿದ್ರೆ ಅವನ ಥರದ್ದೇ ಮರಿ ಬರುತ್ತಂತೆ, ನಿಜಾನಾ?

ಉತ್ತರ: ಬೇಡ. ಆ ಜೋಡಿಯ ಮರಿಗೆ ಇನ್‌ಬ್ರೀಡಿಂಗ್ (ಅಪ್ಪ ಅಮ್ಮ ಇಬ್ರ ಕಡೆಯಿಂದ್ಲೂ ಒಂದೇ ಹಿರಿಯನ ಜೀನ್ ಬಂದು ಸೇರೋ ಪ್ರಮಾಣ) 12.5% ಆಗುತ್ತೆ, ಹಳೇ ತಲೆಮಾರಿನ ಸಂಬಂಧ ಲೆಕ್ಕ ಹಾಕಿದ್ರೆ ಇನ್ನೂ ಜಾಸ್ತಿ. ತಲೆ ಅವನ ಥರ ಬರಬಹುದು, ಹಾರ್ಟೂ ಹಾಗೇ ಬರಬಹುದು. ಸೀಮೆನ್ ಮೈನಸ್ 196 ಡಿಗ್ರಿ ನೈಟ್ರೋಜನ್‌ನಲ್ಲಿ ದಶಕಗಟ್ಟಲೆ ಕೆಡಲ್ಲ, ಅರ್ಜೆಂಟೇನಿಲ್ಲ. ಅವನ ಮಕ್ಕಳಿಗೆ ಏಳೆಂಟು ವರ್ಷ ತುಂಬಲಿ, ಹೋಲ್ಟರ್ ರಿಪೋರ್ಟ್ ಎಲ್ಲಾ ಕ್ಲೀನ್ ಬಂದ್ರೆ ಸಂಬಂಧ ಇಲ್ದಿರೋ ಹೆಣ್ಣಿಗೆ ಬಳಸೋ ವಿಚಾರ ಮಾಡಿ.

ಪ್ರಶ್ನೆ: ಕ್ಲೋನ್ ಮಾಡ್ಸಿದ್ರೆ?

ಉತ್ತರ: 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲ ಕ್ಲೋನ್ ನಾಯಿ ಸ್ನಪ್ಪಿ ಹುಟ್ಟೋಕೆ ಸಾವಿರಕ್ಕೂ ಹೆಚ್ಚು ಭ್ರೂಣಗಳನ್ನ 123 ಹೆಣ್ಣುನಾಯಿಗಳಿಗೆ ಹಾಕಿದ್ರು, ಹುಟ್ಟಿದ್ದು ಎರಡು, ಉಳಿದಿದ್ದು ಒಂದು. ಈಗ ಸ್ವಲ್ಪ ಸುಧಾರಿಸಿದೆ, ಆದ್ರೂ ಬೇರೆ ಹೆಣ್ಣುನಾಯಿಗಳ ಹೊಟ್ಟೆನೇ ಬೇಕಲ್ವಾ. ಮೇಲಾಗಿ ಬ್ರೀಡ್‌ಗೆ ಹೊಸದೇನೂ ಸಿಗಲ್ಲ, ಅದೇ ಜೀನ್ ಇನ್ನೊಂದ್ಸಲ. ಆ ದುಡ್ಡಲ್ಲಿ ಅವನ ಅಷ್ಟೂ ಮರಿಗಳಿಗೆ ಹೋಲ್ಟರ್ ಮಾಡ್ಸಿ.